ಚಿಲಕ

ಹನ್ನೊಂದು ದಿನ ಉಳಿದಿತ್ತು ಮೊದಲ ಪಂದ್ಯಕ್ಕೆ.
ಬೆಳಿಗ್ಗೆ ಐದೂಮುಕ್ಕಾಲಿಗೆ ಬಂದು ನೋಡಿದರೆ
ಹಾರ್ಲನ್ ಟೀಗರ ಮೊಳೆಗೆ ಅವರ ಟೋಪಿ ಇಲ್ಲ.
ಹೆಡ್ ಕೋಚ್ ಆಡಿದ್ದು ನಾಲ್ಕೇ ಮಾತು,
ನಾಲ್ಕನೆಯದು ‘ಪ್ಯಾಡ್ ಕಟ್ಟಿಕೊಳ್ಳಿ’ ಅಂತ.

ದಕ್ಷಿಣ ಅರ್ಕನ್ಸಾದ ಆಗಸ್ಟ್. ಆ ಹೊತ್ತಿಗೇ
ಹುಲ್ಲಿನಿಂದ ಹಬೆ ಏಳುತ್ತದೆ. ಪೈನ್ ಮರಗಳಾಚೆಯ
ಕಾಗದದ ಕಾರ್ಖಾನೆ ಬೆಂದ ಎಲೆಕೋಸಿನ ವಾಸನೆ ಬಿಡುತ್ತದೆ.
ಯಾರೂ ಏನೂ ಕೇಳಲಿಲ್ಲ.
ಉಣ್ಣುವವನ ಮುಂದಿನ ಎಲೆ ಎಳೆದುಬಿಟ್ಟರೂ
ಕೈ ಒಂದು ಸಲ ಬಾಯಿಗೆ ಹೋಗಿಯೇ ಹೋಗುತ್ತದಲ್ಲ,
ಹಾಗೆ, ಹೆಲ್ಮೆಟ್ಟಿನ ಪಟ್ಟಿ ಬಿಗಿದು ಓಡಿದೆವು.

ನಾನು ಮೂರನೆಯ ಕ್ವಾರ್ಟರ್‌ಬ್ಯಾಕ್,
ಅಂದರೆ ಆಡುವವನಲ್ಲ. ಗೆರೆಯ ಈಚೆ ನಿಂತು
ಕೋಚ್ ಕಿವಿಯಲ್ಲಿ ಹೇಳಿದ್ದನ್ನು ಕೈಯಲ್ಲಿ ಆಡುವವನು.
ಮೂರು ವರ್ಷದಲ್ಲಿ ನನ್ನ ಜೆರ್ಸಿಗೆ ಮಣ್ಣು ಹತ್ತಿಲ್ಲ.
ಬಟ್ಟೆ ಒಗೆಯುವ ಮಿಸ್ ಓಡೆಲ್ಲಾ ಹೇಳುತ್ತಾಳೆ:
‘ನಿಂದು ಗಾಳಿಗೆ ಹರವಿದರೆ ಸಾಕು, ಮಗ.’

ಟೀಗ್ ತಮ್ಮ ಆಟಗಳಿಗೆ ಮನೆಯೊಳಗಿನ ಹೆಸರಿಟ್ಟಿದ್ದರು.
ಬಾಣಲೆ ಎಂದರೆ ಎಡಕ್ಕೆ ನುಗ್ಗು.
ಮಜ್ಜಿಗೆ, ಚೆಂಡು ಕೊಟ್ಟ ಹಾಗೆ ಮಾಡಿ ಕೊಡದಿರು.
ಅಜ್ಜಿಯ ಹಿತ್ತಿಲ ಬಾಗಿಲು ಎಂದರೆ
ಎಲ್ಲರೂ ಬಲಕ್ಕೆ ಉರುಳುವಾಗ ಒಬ್ಬನೇ ಒಬ್ಬ
ಚೆಂಡು ಬಚ್ಚಿಟ್ಟು ಎಡಕ್ಕೆ ಜಾರಿಕೊಳ್ಳುವುದು;
ಭಾನುವಾರ ಚರ್ಚಿಗೆ ಚಕ್ಕರ್ ಹೊಡೆದು
ಅವರು ಮೀನಿಗೆ ಓಡುತ್ತಿದ್ದ ದಾರಿಯಂತೆ ಅದು.
ಸನ್ನೆ: ಚಿಲಕ ಸರಿಸುವ ಎರಡು ಬೆರಳು.

ಹೊಸಬರು ಮಧ್ಯಾಹ್ನಕ್ಕೇ ಬಂದರು. ವಿನ್ಸೆಂಟ್ ಕ್ರೈಡರ್,
ಮೂವತ್ತೊಂದು ವಯಸ್ಸು, ಕಾರಿಗೆ ಒಹಾಯೋದ ನಂಬರು,
ಹಿಂದಿನ ಸೀಟಿನಲ್ಲಿ ಕೂಸಿನ ಖಾಲಿ ಕುರ್ಚಿ.
ಇವರ ಆಟಕ್ಕೆಲ್ಲ ಬಣ್ಣ, ಸಂಖ್ಯೆ.
ಬಾಣಲೆ ಈಗ ನೀಲಿ ಮೂವತ್ತೆಂಟು.
ಮಜ್ಜಿಗೆ ಹಸಿರು ಹದಿನಾರು.
ಹಿತ್ತಿಲ ಬಾಗಿಲು ಪಟ್ಟಿಯಲ್ಲೇ ಇಲ್ಲ.
ಅದೇ ಹೆಜ್ಜೆ, ಅದೇ ಉದ್ದುದ್ದ ಚೆಂಡು.
ಮನೆ ಅದೇ, ಬೀಗ ಬೇರೆ.

ಮುನ್ನೂರ ಹತ್ತು ಪೌಂಡಿನ ಬೂನ್ ಹ್ಯಾಚೆಟ್
ಊಟದ ಸಾಲಿನಲ್ಲೂ ಚೀಟಿ ಉರುಹೊಡೆಯುತ್ತ
‘ಗ್ರೇವಿ ಬೇಕಾ?’ ಎಂದವಳಿಗೆ
‘ಹಸಿರು ಹದಿನಾರು’ ಅಂದುಬಿಟ್ಟ.
ಟೇಬಲ್ಲೆಲ್ಲ ನಕ್ಕಿತು, ಡೆವಾಂಟ್ರೆ ನಗಲಿಲ್ಲ.
ಆಡುವವನು ಅವನು, ನನ್ನ ಕೈ ಓದಬೇಕಾದವನು.

ರಾತ್ರಿ ಹಾಸ್ಟೆಲಿನ ಕಾರಿಡಾರು, ಇಬ್ಬರೂ ಬರಿಗಾಲು.
ನಾನು ಸನ್ನೆ, ಅವನು ಬಣ್ಣ.
ನಾನು ಸನ್ನೆ, ಅವನು ಸಂಖ್ಯೆ.
ಎರಡು ಗಂಟೆಗೆ ಗೋಡೆಗೊರಗಿ ಕೇಳಿದ:
‘ಟೀಗ್ ನನಗೆ ಫೋನ್ ಮಾಡಲೇ ಇಲ್ಲ. ನಿನಗೆ?’
ಮಾಡಿದ್ದರು. ಎಂಟು ನಿಮಿಷ.
ತಮ್ಮ ನಾಯಿಯ ಕಿವಿ ಸೋರುತ್ತಿದೆ, ಕೆರೆ ಬತ್ತಿದೆ, ಅಷ್ಟೇ ಹೇಳಿ
ಇಟ್ಟಿದ್ದರು.
‘ಇಲ್ಲ’ ಅಂದೆ.

ಶನಿವಾರ. ಕೊನೆಯ ಕಾಲುಭಾಗ. ಐದು ಗಜ ಬೇಕು.
ಕ್ರೈಡರ್ ಕಿವಿಯಲ್ಲಿ ಹೇಳಿದರು: ಕೆಂಪು ಇಪ್ಪತ್ತೇಳು. ತೋರಿಸಿದೆ.
ಡೆವಾಂಟ್ರೆ ನೋಡಿದ. ಮತ್ತೆ ನೋಡಿದ.
ಪರೀಕ್ಷೆಯಲ್ಲಿ ಕೂತು ತನ್ನ ಹೆಸರೇ ಮರೆತವನ ಕಣ್ಣು.
ಒಂಬತ್ತು ಸೆಕೆಂಡು. ಎಂಟು.
ನನ್ನ ಬೆರಳು, ನನ್ನನ್ನು ಕೇಳದೆ,
ಚಿಲಕ ಸರಿಸಿತು.

ಹತ್ತು ಮಂದಿ ಬಲ್ಲ ದಾರಿ ಅದು.
ಹನ್ನೊಂದನೆಯವನು ಟೀಗ್ ಹೋದ ಮರುದಿನ ಬಂದ ಹುಡುಗ,
ಕೆಂಪು ಇಪ್ಪತ್ತೇಳನ್ನು ನಂಬಿ ನೆಟ್ಟಗೆ ಓಡಿ
ನಮ್ಮವನಿಗೇ ಡಿಕ್ಕಿ ಹೊಡೆದ.
ನಾಲ್ಕು ಗಜ ಸಿಕ್ಕಿತು.

ಕ್ರೈಡರ್ ಕಿವಿಯ ಯಂತ್ರ ಕಳಚಿ
ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಬಹಳ ಹೊತ್ತು.
ಏನೂ ಅನ್ನಲಿಲ್ಲ.

ಸೋಮವಾರ ಹೊಸ ಚೀಟಿ ಹಂಚಿದರು.
ತೀರ ಕೆಳಗೆ, ಬಣ್ಣವಿಲ್ಲದ ಸಂಖ್ಯೆಯಿಲ್ಲದ
ಒಂದು ಚೌಕ ಖಾಲಿ.
‘ಇದೇನು, ಪ್ರಿಂಟಿನ ತಪ್ಪಾ?’ ಬೂನ್ ಕೇಳಿದ.
ಇರಬೇಕು ಅಂದೆ,
ಬೆರಳು ಮಡಚಿಕೊಂಡು.